ಕೆರೆಗಳ ಹಸಿರುಮನೆ ಅನಿಲ: ವಿಜಯಪುರ, ತಿಕೋಟಾ, ಬಬಲೇಶ್ವರ

ಕೆರೆಯ ತಳದ ಹೂಳಿನಲ್ಲಿ ಎಲೆ, ಜೊಂಡು, ಪಾಚಿ, ಚರಂಡಿ ಕಲ್ಮಶ ಕೊಳೆತಾಗ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳದೇ ಮೇಲುಗೈ. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 27 ಟನ್ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ.

ಈ ವಿಷಯದಲ್ಲಿ ಹೆಚ್ಚು ಚರ್ಚೆಯಾಗಿರುವುದು ಸೈಬೀರಿಯಾ, ಅಲಾಸ್ಕಾಗಳ ಕೆರೆಗಳು. ಅಲ್ಲಿ ಸಾವಿರಾರು ವರ್ಷ ಹೆಪ್ಪುಗಟ್ಟಿದ್ದ ನೆಲ ಕರಗಿ ಕುಸಿದು ಕೆರೆಯಾಗುತ್ತದೆ. ಹಳೆಯ ಇಂಗಾಲ ಕೊಳೆಯತೊಡಗುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡ ಗುಳ್ಳೆಗಳು ಮಂಜು ಕರಗಿದಾಗ ಹೊರಬೀಳುತ್ತವೆ. ವಿಜಯಪುರದ ಕೆರೆಗಳಿಗೆ ಮಂಜಿನ ಮುಚ್ಚಳವಿಲ್ಲ. ಇಲ್ಲಿನ ಅನಿಲದ ಏರಿಳಿತವನ್ನು ನಿರ್ಧರಿಸುವುದು ಬಿಸಿಲು, ಬರ ಮತ್ತು ನೀರು ತುಂಬುವ ಕಾಲ.

ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಕಾಲದ ಎರಡು ಜಲಾಶಯಗಳು ಇಲ್ಲಿ ಪ್ರಸಿದ್ಧ: ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆ (1633) ಮತ್ತು ವಿಜಯಪುರ ನಗರಕ್ಕೆ ಮಣ್ಣಿನ ಕೊಳವೆಗಳ ಮೂಲಕ ನೀರು ಕೊಡುತ್ತಿದ್ದ ಬೇಗಂ ತಾಲಾಬ್ (1651). ಮಳೆ ಕಡಿಮೆಯಾದ ವರ್ಷಗಳಲ್ಲಿ ಈ ಸೀಮೆಯ ಕೆರೆಗಳು ಬತ್ತಿ, ಅಂಗಳದ ಎರಿ ಮಣ್ಣು ಬಿರುಕು ಬಿಡುತ್ತದೆ. ಬಿರುಕಿನೊಳಗೆ ಗಾಳಿ ಹೊಕ್ಕಾಗ ಹೂಳಿನ ಇಂಗಾಲವು ಇಂಗಾಲದ ಡೈಆಕ್ಸೈಡಾಗಿ ಹೋಗುತ್ತದೆ. ಅದೇ ಅಂಗಳದಲ್ಲಿ ಹುಲ್ಲು, ಬಳ್ಳಾರಿ ಜಾಲಿ ಬೆಳೆದು, ಅವನ್ನು ಕಡಿಯದೆ ನೀರು ಬಿಟ್ಟರೆ, ಮುಳುಗಿದ ಸೊಪ್ಪು ಕೊಳೆತು ಮೀಥೇನ್ ಏಳುತ್ತದೆ. ದಂಡೆಯ ತೆಳುನೀರಿನಲ್ಲಿ ಕೋಲಿನಿಂದ ಕೆಸರು ಕೆದಕಿದರೆ ಬುಳುಬುಳು ಮೇಲೇಳುವ ಗುಳ್ಳೆಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಆಳದ ನೀರಿನಲ್ಲಿ ಕರಗುವ ಮೀಥೇನಿನ ದೊಡ್ಡ ಪಾಲನ್ನು ಬ್ಯಾಕ್ಟೀರಿಯಾ ತಿಂದುಬಿಡುತ್ತವೆ. ತೆಳುನೀರಿನ ಗುಳ್ಳೆಗೆ ಆ ತಡೆಯಿಲ್ಲ.

2014ರಲ್ಲಿ ಪ್ರಕಟವಾದ ಅಧ್ಯಯನವೊಂದು ದಕ್ಷಿಣ ಭಾರತದ 45 ಜಲಮೂಲಗಳನ್ನು ಅಳೆದು, ದೇಶದ ಒಳನಾಡಿನ ನೀರಿನಿಂದ ವರ್ಷಕ್ಕೆ ಸುಮಾರು 21 ಲಕ್ಷ ಟನ್ ಮೀಥೇನ್ ಹೊರಬೀಳುತ್ತದೆಂದು ಅಂದಾಜಿಸಿತು. ಬೆಚ್ಚಗಿನ ಸೀಮೆಯ ಸಣ್ಣ ಕೆರೆಗಳನ್ನು ಹವಾಮಾನದ ಲೆಕ್ಕದಿಂದ ಹೊರಗಿಡುವುದು ಸರಿಯಲ್ಲ ಎನ್ನಲು ಇದೇ ಸಾಕು. ಕೆಸರು ಬಿಸಿಯಾದಷ್ಟೂ ಮೀಥೇನ್ ಉತ್ಪಾದನೆ ಚುರುಕಾಗುತ್ತದೆ. ಇಲ್ಲಿನ ಬೇಸಿಗೆಯೋ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳು ಕೃಷ್ಣೆಯ ನೀರನ್ನು ಈ ಕೆರೆಗಳಿಗೆ ತಂದಿವೆ. ಕೆರೆ ತುಂಬಿದರೆ ಏರುವ ಅಂತರ್ಜಲವೆಂದರೆ ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಬದುಕು. ಅನಿಲದ ನೆಪವೊಡ್ಡಿ ಕೆರೆ ತುಂಬಿಸುವುದನ್ನು ಬೇಡವೆನ್ನುವುದು ಅನ್ಯಾಯ. ನೀರು ಬಿಡುವ ಮುನ್ನ ಅಂಗಳದ ಜಾಲಿ ತೆಗೆಯುವುದು, ನಗರದ ಕೊಳಚೆ ಕೆರೆಗೆ ಸೇರದಂತೆ ತಡೆಯುವುದು ಕೈಯಲ್ಲಿರುವ ಕೆಲಸ. ಬೇಸಿಗೆಯಲ್ಲಿ ರೈತರು ಹೊಲಕ್ಕೆ ಹೊರುವ ಹೂಳು ಗಾಳಿಯಾಡುವ ಮಣ್ಣಿಗೆ ಬಿದ್ದು, ಮೀಥೇನಿನ ಕಚ್ಚಾವಸ್ತು ಗೊಬ್ಬರವಾಗುತ್ತದೆ. ನೀರೆತ್ತುವ ಪಂಪುಗಳಿಗೆ ಬೇಕಾದ ವಿದ್ಯುತ್ತು ಕಲ್ಲಿದ್ದಲಿನದಾದರೆ, ಅದರ ಇಂಗಾಲವೂ ಈ ಕೆರೆಗಳ ಲೆಕ್ಕಕ್ಕೇ ಸೇರಬೇಕು.