ಝುಹಲ್ ಗ್ರಹದ ಬಳೆ: ಕಣ್ಣು ಕಂಡದ್ದು, ಬುದ್ಧಿ ಅರಿತದ್ದು

ಅರಬಿ ಗ್ರಂಥಗಳಲ್ಲಿ ‘ಝುಹಲ್’ ಎಂದು ಕರೆಯಲ್ಪಡುವ ಶನಿಯು ಪ್ರಾಚೀನರು ಅರಿತಿದ್ದ ಗ್ರಹಗಳಲ್ಲಿ ಅತ್ಯಂತ ದೂರದ್ದು. ಜ್ಯೋತಿಷಿಗಳು ಅದನ್ನು ಮಹಾ ಅಶುಭವೆಂದು ಸಾರಿದರು. ನಮ್ಮ ಕೆಲವು ಮನೆಗಳಲ್ಲಿ ಆ ಭಯ ಇಂದಿಗೂ ಮಾಸಿಲ್ಲವೆಂಬುದು ಖೇದಕರ. ಸೂರ್ಯಚಂದ್ರರ ಗ್ರಹಣವೂ ಯಾರದೇ ಹುಟ್ಟು ಸಾವಿಗಾಗಿ ಸಂಭವಿಸದೆಂದು ಪ್ರವಾದಿವರ್ಯರು(ಸ) ಕಲಿಸಿರುವಾಗ, ದೂರದ ಗ್ರಹವೊಂದಕ್ಕೆ ವಿಶ್ವಾಸಿಯು ಅಂಜುವುದೇಕೆ?

1610ರ ಜುಲೈ ತಿಂಗಳಲ್ಲಿ ಗೆಲಿಲಿಯೋ ತಮ್ಮ ದೂರದರ್ಶಕವನ್ನು ಶನಿಯತ್ತ ತಿರುಗಿಸಿದಾಗ ಕಂಡದ್ದು ಒಂದು ಗೋಳವಲ್ಲ, ಮೂರು: ನಡುವೆ ದೊಡ್ಡದೊಂದು, ಇಕ್ಕೆಲಗಳಲ್ಲಿ ಚಿಕ್ಕವೆರಡು. ಶೋಧದ ಹಿರಿಮೆ ಕೈತಪ್ಪದಿರಲೆಂದು ಅವರು ಅದನ್ನು ಅಕ್ಷರಗಳನ್ನು ಕಲಸಿದ ಒಗಟಾಗಿ ಕಳುಹಿಸಿದರು. ಕೆಪ್ಲರ್ ಅದನ್ನು ಬಿಡಿಸಹೊರಟು, ಮಂಗಳನಿಗೆ ಎರಡು ಉಪಗ್ರಹಗಳಿವೆಯೆಂದು ಓದಿಕೊಂಡರು! (ಮಂಗಳನಿಗೆ ಎರಡು ಇರುವುದು ನಿಜವೇ, ಆದರೆ ಅವು ಪತ್ತೆಯಾದದ್ದು 1877ರಲ್ಲಿ.)

1612ರಲ್ಲಿ ಇಕ್ಕೆಲದ ಗೋಳಗಳು ಮಾಯವಾದವು. ಶನಿಯು ತನ್ನ ಮಕ್ಕಳನ್ನೇ ನುಂಗಿದನೇ ಎಂದು ರೋಮನ್ ಪುರಾಣವನ್ನು ನೆನೆದು ಗೆಲಿಲಿಯೋ ಪತ್ರ ಬರೆದರು; ಗಾಜುಗಳೇ ತಮ್ಮನ್ನು ವಂಚಿಸಿದವೇ ಎಂದೂ ಶಂಕಿಸಿದರು. 1616ರಲ್ಲಿ ಅವೇ ಪಾತ್ರೆಯ ಹಿಡಿಗಳಂತೆ ಕಂಡವು. ಅವರ ಜೀವಿತಾವಧಿಯಲ್ಲಿ ಒಗಟು ಬಿಡಲಿಲ್ಲ.

ಬಿಡಿಸಿದವರು ಹಾಲೆಂಡಿನ ಹೈಗೆನ್ಸ್. ತಾವೇ ಉಜ್ಜಿ ಸಿದ್ಧಪಡಿಸಿದ ಮಸೂರದಿಂದ ಅವರು 1655ರಲ್ಲಿ ಶನಿಯ ಉಪಗ್ರಹವೊಂದನ್ನು ಕಂಡರು. 1659ರ ಗ್ರಂಥದಲ್ಲಿ, ಗ್ರಹವನ್ನು ಎಲ್ಲಿಯೂ ಸ್ಪರ್ಶಿಸದ ತೆಳುವಾದ ಚಪ್ಪಟೆ ಬಳೆಯೊಂದು ಓರೆಯಾಗಿ ಸುತ್ತುವರಿದಿದೆಯೆಂದು ವಿವರಿಸಿದರು. ಅಂಚು ನಮ್ಮತ್ತ ತಿರುಗಿದಾಗ ಅದು ಅದೃಶ್ಯವಾಗುತ್ತದೆ. ಸೋಜಿಗವೆಂದರೆ, ಈ ವಿಚಾರ ಅವರಿಗೆ ಹೊಳೆದದ್ದು ಬಳೆಯು ಬಹುತೇಕ ಕಾಣದಿದ್ದ ದಿನಗಳಲ್ಲಿ. ಕಣ್ಣು ಸೋತೆಡೆ ತರ್ಕವು ನಡೆಯಿತು.

ಹನ್ನೊಂದನೇ ಶತಮಾನದ ಇಬ್ನುಲ್ ಹೈಸಮ್ ‘ಕಿತಾಬುಲ್ ಮನಾಝಿರ್’ನಲ್ಲಿ ಇದನ್ನೇ ವಿಶದಪಡಿಸಿದ್ದರು: ನೋಟವೆಂಬುದು ಕಣ್ಣಿನ ಕೆಲಸ ಮಾತ್ರವಲ್ಲ, ಅದರಲ್ಲಿ ಬುದ್ಧಿಯ ತೀರ್ಮಾನವೂ ಸೇರಿದೆ. ದೃಷ್ಟಿಯ ಪ್ರಮಾದಗಳಿಗೆಂದೇ ಅವರು ಒಂದು ಭಾಗವನ್ನು ಮೀಸಲಿಟ್ಟರು. ಅದರ ಲ್ಯಾಟಿನ್ ಅನುವಾದ 1572ರಲ್ಲಿ ಬಾಸೆಲ್ ನಗರದಲ್ಲಿ ಮುದ್ರಣಗೊಂಡಿತು. ಕೆಪ್ಲರರ ದೃಗ್ವಿಜ್ಞಾನವು ಬೆಳೆದದ್ದು ಆ ಪರಂಪರೆಯಿಂದಲೇ. ಹಾಗೆಂದು ನಮ್ಮ ವಿದ್ವಾಂಸರು ಬಳೆಯನ್ನೂ ಮೊದಲೇ ಕಂಡಿದ್ದರೆಂದು ವೇದಿಕೆಗಳಲ್ಲಿ ಘೋಷಿಸುವುದು ಸಲ್ಲದು. ಬರಿಗಣ್ಣಿಗೆ ಅದು ಕಾಣದು. ಇಲ್ಲದ ಹಿರಿಮೆಯನ್ನು ಆರೋಪಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಶನಿಯು ಸೂರ್ಯನನ್ನು ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಆದುದರಿಂದ ಬಳೆಯು ಸುಮಾರು ಹದಿನೈದು ವರ್ಷಗಳಿಗೊಮ್ಮೆ ಅಂಚು ತಿರುಗಿಸಿ ಮರೆಯಾಗುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ಹಾಗೆಯೇ ಆಯಿತು. ಈಗ ಅದು ಮತ್ತೆ ತೆರೆದುಕೊಳ್ಳುತ್ತಿದೆ. ಸಣ್ಣ ದೂರದರ್ಶಕವೊಂದಿದ್ದರೂ ಮಕ್ಕಳಿಗೆ ತೋರಿಸಬಹುದು.