ಕೃಮಿಜವೆಂಬ ಸುಗಂಧ

ಮುಳವಾಡದ ಸುತ್ತಿನ ಎರೆಭೂಮಿಯಲ್ಲಿ ಬಿಳಿಜೋಳ ಬೆಳೆಯುವದು. ಅಗರುವಿನ ಮರ ಬೆಳೆಯುವದಿಲ್ಲ. ಆದರೂ ಆ ಮರದ ಹೆಸರು ಇಲ್ಲಿಯ ಮನೆಮನೆಯ ದೇವರ ಜಗುಲಿಯ ಮುಂದೆ ದಿನಾಲು ಕೇಳಿಬರುತ್ತದೆ. ‘ಊದಿನಕಡ್ಡಿ’ಯಲ್ಲಿಯ ಊದು ಬಾಯಿಂದ ಊದುವ ಕ್ರಿಯೆಯಲ್ಲ, ಅರಬರು ಅಗರುವಿಗೆ ಇಟ್ಟ ‘ಊದ್’ ಎಂಬ ಹೆಸರೇ ಅದು. ಇಂದಿನ ಅಗ್ಗದ ಕಡ್ಡಿಗಳಲ್ಲಿ ಅಗರುವಿನ ಲೇಶವೂ ಇಲ್ಲವೆಂಬ ಮಾತು ಬೇರೆ.

ಈ ದ್ರವ್ಯದ ಕೀರ್ತಿಯು ಬಹು ಪ್ರಾಚೀನವಾದದ್ದು. ವಾತಾಪಿಯ ಇಮ್ಮಡಿ ಪುಲಿಕೇಶಿಯು ಹರ್ಷವರ್ಧನನ ಹರ್ಷವನ್ನು ಅಡಗಿಸಿದ ಸಂಗತಿಯನ್ನು ಕ್ರಿ. ಶ. 634ರ ಐಹೊಳೆಯ ಶಾಸನದಿಂದ ನಮ್ಮವರೆಲ್ಲರೂ ಬಲ್ಲರು. ಅದೇ ಹರ್ಷನಿಗೆ ಕಾಮರೂಪದ, ಅಂದರೆ ಇಂದಿನ ಅಸ್ಸಾಮದ, ಅರಸನಾದ ಭಾಸ್ಕರವರ್ಮನು ಹಂಸವೇಗನೆಂಬ ದೂತನ ಕೈಯಲ್ಲಿ ಕಳುಹಿದ ಕಾಣಿಕೆಗಳೊಳಗೆ ಬಿದಿರಿನ ನಳಿಗೆಗಳಲ್ಲಿ ತುಂಬಿದ ಕೃಷ್ಣಾಗರುವಿನ ತೈಲವೂ ಇದ್ದಿತೆಂದು ಬಾಣನು ಹರ್ಷಚರಿತದಲ್ಲಿ ಹೇಳಿರುವನು. ಸಾವಿರ ವರ್ಷಗಳ ತರುವಾಯ ನಮ್ಮ ಬಿಜಾಪುರದಲ್ಲಿಯೇ, ಎರಡನೆಯ ಇಬ್ರಾಹೀಮ ಆದಿಲಶಹನ (1580–1627) ಆಶ್ರಯದಲ್ಲಿ, ‘ಇತ್ರೆ ನವರಸ ಶಾಹಿ’ ಎಂಬ ಗಂಧಶಾಸ್ತ್ರದ ಗ್ರಂಥವು ಪಾರಸಿಯಲ್ಲಿ ರಚಿತವಾಯಿತು. ಸಂಗೀತಪ್ರಿಯನೆಂದು ಪ್ರಸಿದ್ಧನಾದ ಆ ಅರಸನು ಪರಿಮಳಕ್ಕೂ ಅಷ್ಟೇ ಸೋತವನು.

ಆದರೆ ಅರಸರು ಬಯಸಿದ ಈ ಸುಗಂಧವು ಮರದ ಆರೋಗ್ಯದಿಂದ ಬಂದುದಲ್ಲ, ವ್ಯಾಧಿಯಿಂದ ಬಂದುದು. ಅಮರಸಿಂಹನು ಅಗರುವಿಗೆ ಕೊಟ್ಟ ಪರ್ಯಾಯನಾಮಗಳಲ್ಲಿ ‘ಕೃಮಿಜ’ವೂ ಒಂದು, ಹುಳದಿಂದ ಹುಟ್ಟಿದ್ದೆಂದು ಅರ್ಥ. ಪಾಠಶಾಲೆಗಳಲ್ಲಿ ಬಾಯಿಪಾಠ ಮಾಡಿದವರು ಅನೇಕರು. ಆ ಹೆಸರು ಏಕೆಂದು ಕೇಳಿದವರು ವಿರಳ. ನಿರೋಗಿಯಾದ ಅಗರುವಿನ ಕಟ್ಟಿಗೆಯು ಬೆಳ್ಳಗೆ, ಹಗುರಾಗಿ, ವಾಸನೆಯಿಲ್ಲದೆ ಇರುತ್ತದೆ. ಕೊರಕಹುಳವು ಕಾಂಡವನ್ನು ತೂತು ಮಾಡಿದರೆ, ಇಲ್ಲವೆ ಗಾಳಿಗೆ ಟೊಂಗೆ ಮುರಿದರೆ, ಆ ಗಾಯದೊಳಗಿಂದ ಶಿಲೀಂಧ್ರಗಳು (ಬೂಷ್ಟಿನ ಜಾತಿಯವು) ಒಳಹೊಗುತ್ತವೆ. ಓಡಿಹೋಗಲಾರದ ಮರವು ತನ್ನ ರಕ್ಷಣೆಗಾಗಿ ಒಳಗೆ ರಾಳವನ್ನು ತುಂಬಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಆ ಭಾಗವು ಕಪ್ಪಾಗಿ, ಉತ್ತಮವಾದದ್ದಾದರೆ ನೀರಿನಲ್ಲಿ ಮುಳುಗುವಷ್ಟು ಭಾರವಾಗುತ್ತದೆ. ಅಮರಕೋಶದ ಇನ್ನೊಂದು ಹೆಸರು ‘ಲೋಹ’ವೆಂದಿರುವದು ಸುಮ್ಮನಲ್ಲ.

ಅನರ್ಥವು ಹುಟ್ಟಿದ್ದು ಇಲ್ಲಿಯೇ. ಯಾವ ಮರದಲ್ಲಿ ರಾಳವುಂಟು, ಯಾವುದರಲ್ಲಿ ಇಲ್ಲವೆಂಬುದು ಹೊರಗಿನಿಂದ ನಿಶ್ಚಯವಾಗಿ ತಿಳಿಯದಾದ್ದರಿಂದ, ಒಂದು ರೋಗದ ಮರಕ್ಕಾಗಿ ಎಷ್ಟೋ ನಿರೋಗಿ ಮರಗಳು ಕೊಡಲಿಗೆ ಬಲಿಯಾದವು. ಕಡೆಗೆ 1995ರಲ್ಲಿ ಅಸ್ಸಾಮದ ಜಾತಿಯ ಅಗರುವನ್ನು ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಡಿಸಬೇಕಾಯಿತು. ಈಗ ನಮ್ಮ ಮಲೆನಾಡಿನ ಅಡಿಕೆ, ಕಾಫಿ ತೋಟಗಳಲ್ಲಿಯೂ ಅಗರುವನ್ನು ನೆಟ್ಟು, ಕಾಂಡಕ್ಕೆ ರಂಧ್ರ ಕೊರೆದು, ಶಿಲೀಂಧ್ರವನ್ನು ಬುದ್ಧಿಪೂರ್ವಕವಾಗಿ ಸೇರಿಸುತ್ತಿರುವರು. ಹುಳದ ಕೆಲಸವನ್ನು ಮನುಷ್ಯನು ವಹಿಸಿಕೊಂಡಂತಾಯಿತು. ಆದರೂ ಕೊರೆದ ಮರಗಳೆಲ್ಲ ಒಂದೇ ಸಮನಾಗಿ ರಾಳ ಕಟ್ಟುವದಿಲ್ಲ. ಕಡಿದು ಸೀಳಿದ ಮೇಲೆಯೇ ಬೆಳೆದವನಿಗೆ ತನ್ನ ಲಾಭದ ಅರಿವಾಗುವದು.