ಅಕ್ಷರಕ್ಕೂ ಚಿತ್ರಕ್ಕೂ ಸಹಪಂಕ್ತಿ

ಮುದ್ರಣಾಲಯದಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಬಹುಕಾಲ ಸಹಪಂಕ್ತಿಯಿರಲಿಲ್ಲ. ಮರದಲ್ಲಿ ಕೊರೆದ ಅಚ್ಚು ಹೇಗೋ ಮೊಳೆಗಳ ನಡುವೆ ಕೂರುತ್ತಿತ್ತು. ತಾಮ್ರದ ತಗಡಿನಲ್ಲಿ ಕೆತ್ತಿದ ಚಿತ್ರಕ್ಕಾದರೋ ಬೇರೆಯೇ ಯಂತ್ರ, ಸಾಮಾನ್ಯವಾಗಿ ಬೇರೆಯೇ ಹಾಳೆ. ಓದುಗನು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಪುಟ ಮಗುಚಬೇಕಾಗುತ್ತಿತ್ತು.

ಈ ಮಡಿಯನ್ನು ಮುರಿದವರಲ್ಲಿ ಗೆಲಿಲಿಯೋ ಒಬ್ಬ. 1613ರಲ್ಲಿ ರೋಮಿನಲ್ಲಿ ಅಚ್ಚಾದ, ಸೌರಕಲೆಗಳನ್ನು ಕುರಿತ ಅವನ ಪತ್ರಗಳಲ್ಲಿ ಶನಿಗ್ರಹದ ಪುಟ್ಟ ಚಿತ್ರಗಳು ವಾಕ್ಯದ ಸಾಲಿನಲ್ಲಿಯೇ, ಪದದಂತೆ ಬರುತ್ತವೆ. ಒಳ್ಳೆಯ ದೂರದರ್ಶಕದಲ್ಲಿ ಶನಿ ಮೂರು ಗೋಲ. ಕೀಳು ದೂರದರ್ಶಕದಲ್ಲಿ ಒಂದೇ ನೀಳವಾದ ಉಂಡೆ. ಸೋಜಿಗವೆಂದರೆ, ಒಳ್ಳೆಯ ದೂರದರ್ಶಕ ತೋರಿದ್ದೂ ನಿಜರೂಪವಲ್ಲ. ಶನಿಯನ್ನು ಸುತ್ತಿರುವುದು ಬಳೆಯೆಂದು ಹೈಗೆನ್ಸ್ 1659ರಲ್ಲಿ ವಿವರಿಸಿದ. ಚಿತ್ರವನ್ನು ಕಣ್ಣು ಬೇಗ ನಂಬುತ್ತದೆ. ಅದನ್ನು ಮಾಡಿದ ಉಪಕರಣವನ್ನು ಮರೆಯುತ್ತದೆ.

ಅಂಕಿಗಳನ್ನು ಗೆರೆಯಾಗಿಸಿದ ಕೀರ್ತಿ ಮುಖ್ಯವಾಗಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್‌ನದು. ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನಾಗಿದ್ದ ಇವನು 1786ರ ತನ್ನ ಗ್ರಂಥದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳ ಏರಿಳಿತವನ್ನು ವಕ್ರರೇಖೆಗಳಲ್ಲಿ ಬರೆದ. ಆದರೆ ಅವು ತಾಮ್ರದ ತಗಡಿನವು. ಮತ್ತೆ ಬೇರೆ ಹಾಳೆಯ ಪಾಲು.

ಆ ಗೆರೆ ಸಾಲಿನೊಳಕ್ಕೆ ಮರಳಿದ್ದು ಗಣಕಯಂತ್ರದ ಕಾಲದಲ್ಲಿ. ಅಕ್ಷರದಷ್ಟೇ ಎತ್ತರದ ಇಂಥ ರೇಖೆಗೆ ಅಮೆರಿಕದ ಎಡ್ವರ್ಡ್ ಟಫ್ಟಿ ‘ಸ್ಪಾರ್ಕ್‌ಲೈನ್’ ಎಂದು ಹೆಸರಿಟ್ಟು, 2006ರ ‘ಬ್ಯೂಟಿಫುಲ್ ಎವಿಡೆನ್ಸ್’ ಗ್ರಂಥದಲ್ಲಿ ಪ್ರತಿಪಾದಿಸಿದರು. ಜಾಲಪುಟಗಳಲ್ಲಿ ಗೆರೆಯೆಳೆಯುವ ಎಸ್‌ವಿಜಿ ಪದ್ಧತಿ 2001ರಲ್ಲಿಯೇ ಪ್ರಮಾಣವಾಗಿತ್ತು. ಕೆಲಸವೂ ಸುಲಭ: ಅತಿ ಚಿಕ್ಕ ಸಂಖ್ಯೆಯನ್ನು ತಳದಲ್ಲಿಟ್ಟು, ಅತಿ ದೊಡ್ಡದನ್ನು ತುದಿಗೇರಿಸಿ, ಉಳಿದವನ್ನು ಆ ಪ್ರಮಾಣಕ್ಕೆ ಹೊಂದಿಸಿ, ಸಮದೂರದಲ್ಲಿ ಚುಕ್ಕೆಯಿಟ್ಟು ಕೂಡಿಸುವುದು. ಹತ್ತಾರು ಸಾಲುಗಳ ಕೋಡ್ ಸಾಕು.

ಅಪಾಯವಿರುವುದೂ ಇದೇ ಲೆಕ್ಕದಲ್ಲಿ. ಒಂದು ಪದಾರ್ಥದ ಬೆಲೆ 100ರಿಂದ 101ಕ್ಕೆ ಏರಿತೆನ್ನೋಣ, ಮತ್ತೊಂದರದು 100ರಿಂದ 200ಕ್ಕೆ. ಎರಡು ಗೆರೆಗಳೂ ತಳದಿಂದ ತುದಿಗೆ ಒಂದೇ ಓಟದಲ್ಲಿ ಏರುತ್ತವೆ! ಕರಿಯನ್ನು ಕನ್ನಡಿಯಲ್ಲಿ ತೋರಿಸುವುದು ಜಾಣತನ. ಅದೇ ಕನ್ನಡಿ ಇಲಿಯನ್ನೂ ಕರಿಯಾಗಿಸಿದರೆ ಏನು ಗತಿ?

ಪರಿಹಾರ ಕಷ್ಟವಲ್ಲ. ಗೆರೆಯ ಪಕ್ಕದಲ್ಲಿ ಮೊದಲ ಮತ್ತು ಕೊನೆಯ ಸಂಖ್ಯೆಯಿರಲಿ. ಗಾತ್ರವನ್ನು ಹೋಲಿಸಬೇಕಾದ ಗೆರೆಗಳಿಗೆ ಒಂದೇ ಅಳತೆಗೋಲಿರಲಿ. ಮಾತಿನ ಪಂಕ್ತಿಯಲ್ಲಿ ಕುಳಿತ ಮೇಲೆ ಚಿತ್ರಕ್ಕೂ ಮಾತಿನ ಧರ್ಮವೇ ಧರ್ಮ: ಆಡಿದ್ದಕ್ಕೆ ಲೆಕ್ಕ ಕೊಡಬೇಕು.